ಸಾಲವೂ ಮನೆಯ ಹೊಸ್ತಿಲೂ

ಕೆಲವು ತಿಂಗಳ ಕೆಳಗೆ ಒಂದು ಬೆಳಗ್ಗೆ ನಮ್ಮ ಬೀದಿಯ ಮೇಷ್ಟ್ರು ನನ್ನನ್ನು ಕಾಣಲು ಬಂದರು. ಶಾಲೆಯ ಕೆಲಸದಿಂದ ನಿವೃತ್ತರಾಗಿ ಅವರಿಗೆ ಬಹು ವರ್ಷಗಳಾದುವು. ಕೈಯಲ್ಲೊಂದು ಬಟ್ಟೆಯ ಚೀಲವಿತ್ತು. ತರಕಾರಿ ಇರಬಹುದೆಂದುಕೊಂಡೆ. ಇದ್ದುದು ಅವರ ಮನೆಯ ಕ್ರಯಪತ್ರ, ಖಾತೆಯ ಕಾಗದ, ಕಂದಾಯದ ರಸೀದಿಗಳು.

“ವಕೀಲರೇ, ಮನೆಯನ್ನು ಅಡವಿಡಬೇಕಾಗಿದೆ. ಕಾಗದಗಳು ಸರಿಯಾಗಿವೆಯೇ, ಒಂದಿಷ್ಟು ನೋಡಿಕೊಡಿ” ಎಂದರು.

ಸಂಗತಿ ಹೀಗೆ. ಅವರ ಮಗ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿದ್ದಾನೆ. ಇದ್ದ ನೌಕರಿಯನ್ನು ಬಿಟ್ಟು ದಿನಸಿ ಅಂಗಡಿಯೊಂದನ್ನು ತೆರೆದ. ಅಂಗಡಿ ನಡೆಯಲಿಲ್ಲ. ಅಂಗಡಿಯ ಹೆಸರಿನಲ್ಲಿ ತೆಗೆದ ಸಾಲಕ್ಕೆ ತಾನೇ ಜಾಮೀನು ನಿಂತು ಸಹಿ ಮಾಡಿದ್ದ. ಈಗ ಸಾಲ ಕೊಟ್ಟವರು ದಾವೆ ಹೂಡಿದ್ದಾರೆ. “ಇಷ್ಟರಲ್ಲೇ ಅವನ ಮನೆ ಜಪ್ತಿಗೆ ಬರುತ್ತದೆ. ಸೊಸೆ, ಮಕ್ಕಳು ಬೀದಿಗೆ ಬೀಳುವ ಮುಂಚೆ ಇಲ್ಲಿಂದ ದುಡ್ಡು ಕಳಿಸಬೇಡವೇ?” ಎಂದು ಮೇಷ್ಟ್ರು ಕೇಳಿದರು.

ನಾನು ಒಂದೇ ಪ್ರಶ್ನೆ ಕೇಳಿದೆ: ಮನೆಯ ಮೇಲಿನ ಸಾಲದ ಕಂತು, ಮನೆಯ ತೆರಿಗೆ, ಇವೆರಡನ್ನೂ ಹುಡುಗ ತಪ್ಪದೆ ಕಟ್ಟುತ್ತಿದ್ದಾನೆಯೇ? ಕಟ್ಟುತ್ತಿದ್ದಾನೆ ಎಂದರು. “ಹಾಗಾದರೆ ಮೇಷ್ಟ್ರೇ, ಆ ಚೀಲವನ್ನು ಸ್ವಲ್ಪ ಕೆಳಗಿಡಿ” ಎಂದೆ.

ಅಂದು ಅವರಿಗೆ ಹೇಳಿದ ಮಾತನ್ನೇ ಇಂದು ನಿಮಗೂ ಹೇಳಬೇಕೆಂದಿದ್ದೇನೆ. ನಿಮ್ಮಲ್ಲಿ ಹಲವರ ಮಕ್ಕಳು ಆ ದೇಶದಲ್ಲಿದ್ದಾರೆ. ಇನ್ನು ಹಲವರು ಇಲ್ಲಿಯೇ ಸ್ನೇಹಿತರಿಗಾಗಿ ಜಾಮೀನು ನಿಂತಿದ್ದೀರಿ. ಎರಡು ಕಡೆಯವರಿಗೂ ಈ ವಿಷಯ ಸಂಬಂಧಪಟ್ಟದ್ದೇ.

ಜಪ್ತಿಯೆಂದರೆ ಮೇಷ್ಟ್ರ ಕಣ್ಣ ಮುಂದೆ ಬರುತ್ತಿದ್ದ ಚಿತ್ರ ಯಾವುದೆಂಬುದು ನನಗೆ ಗೊತ್ತು. ಸಣ್ಣವನಿದ್ದಾಗ ನಾನೂ ನೋಡಿದ್ದೇನೆ. ಕೋರ್ಟಿನ ಅಮೀನ ಬರುತ್ತಾನೆ; ಮನೆಯ ಮುಂದೆ ತಮಟೆ ಬಾರಿಸುತ್ತಾರೆ; ಆಜ್ಞೆಯನ್ನು ಓದಿ ಬಾಗಿಲಿಗೆ ಅಂಟಿಸುತ್ತಾರೆ. ತಮಟೆ ಬಾರಿಸುವುದು ಅಮೀನನ ಹುರುಪಲ್ಲ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೇ ಅದರ ಮಾತಿದೆ. ಊರಿಗೆಲ್ಲ ತಿಳಿಯಲಿ, ಈ ಮನೆಯನ್ನು ಇನ್ನು ಯಾರೂ ಕೊಳ್ಳದಿರಲಿ ಎಂಬುದು ಅದರ ಉದ್ದೇಶ. ಒಳಗಿರುವವರಿಗೆ ಕೇಳಿಸುವುದು ಬೇರೆಯೇ.

ಟೆಕ್ಸಾಸ್‌ನಲ್ಲಿ ಸಾಮಾನ್ಯ ಸಾಲಕ್ಕಾಗಿ ವಾಸದ ಮನೆಯನ್ನು ಹರಾಜು ಹಾಕಿಸುವಂತಿಲ್ಲ. ಅಂಗಡಿಯ ಸಾಲ, ಆಸ್ಪತ್ರೆಯ ಬಿಲ್ಲು, ಕ್ರೆಡಿಟ್ ಕಾರ್ಡಿನ ಬಾಕಿ, ಜಾಮೀನಿನ ಹೊಣೆ, ಯಾವುದಾದರೂ ಸರಿ. ಡಿಕ್ರಿಯಾದರೂ ಷೆರೀಫನು ಆ ಹೊಸ್ತಿಲ ಹೊರಗೇ ನಿಲ್ಲಬೇಕು. ಇದಕ್ಕೆ ಅಲ್ಲಿ ಹೋಂಸ್ಟೆಡ್ ವಿನಾಯಿತಿ ಎನ್ನುತ್ತಾರೆ. ಹೋಂಸ್ಟೆಡ್ ಎಂದರೆ ಸಂಸಾರವು ವಾಸಿಸುವ ಮನೆ ಮತ್ತು ಅದಕ್ಕೆ ಹೊಂದಿಕೊಂಡ ನೆಲ. ಇದೇ ಹೆಸರಿನ ಬೇರೆ ಎರಡು ಸಂಗತಿಗಳಿವೆ. ಲಿಂಕನ್ನರ ಕಾಲದಲ್ಲಿ, 1862ರಲ್ಲಿ, ಸರಕಾರದ ನೆಲವನ್ನು 160 ಎಕರೆಯಂತೆ ಉಳುವವರಿಗೆ ಹಂಚಿದ ಕಾನೂನು ಒಂದು. ಸ್ವಂತ ವಾಸದ ಮನೆಗೆ ತೆರಿಗೆಯಲ್ಲಿ ಕೊಡುವ ರಿಯಾಯಿತಿ ಇನ್ನೊಂದು. ಅವೆರಡೂ ಇಲ್ಲಿ ನಮಗೆ ಬೇಡ.

ಈ ಕಾನೂನು ಹುಟ್ಟಿದ ಬಗೆ ಕೇಳತಕ್ಕದ್ದು. ಮೇಷ್ಟ್ರ ಮಗನಿರುವ ಊರಿಗೆ ಆಸ್ಟಿನ್ ಎಂಬ ಹೆಸರು ಬಂದದ್ದು ಸ್ಟೀಫನ್ ಆಸ್ಟಿನ್ ಎಂಬವನಿಂದ. ಅವನ ತಂದೆ ಮೋಸೆಸ್ ಆಸ್ಟಿನ್ ಮಿಸೌರಿಯಲ್ಲಿ ಸೀಸದ ಗಣಿ ನಡೆಸುತ್ತಿದ್ದ ಸ್ಥಿತಿವಂತ. 1819ರ ಹಣಕಾಸಿನ ಮುಗ್ಗಟ್ಟಿನಲ್ಲಿ ಬ್ಯಾಂಕು ಮುಳುಗಿತು, ಅವನೂ ಮುಳುಗಿದ. ಸಾಲದಲ್ಲಿ ಬೆಂದ ಆ ಮನೆತನ ಹೊಸ ಬದುಕನ್ನು ಹುಡುಕಿ ಹೊರಟದ್ದು ಟೆಕ್ಸಾಸ್ ಕಡೆಗೆ. ಆಗ ಅದು ಮೆಕ್ಸಿಕೋ ದೇಶಕ್ಕೆ ಸೇರಿದ ಬಯಲು. ತಂದೆ 1821ರಲ್ಲಿ ತೀರಿಕೊಂಡ. ಮಗ ಜನರನ್ನು ಕರೆದೊಯ್ದು ನೆಲೆಗೊಳಿಸಿದ. ಬಂದ ಜನರಲ್ಲಿ ಬಹಳ ಮಂದಿ ಹಿಂದೆ ಸಾಲ ಬಿಟ್ಟು ಬಂದವರು. ಆ ಸಾಲಗಳು ಅಲ್ಲಿಗೂ ಬೆನ್ನಟ್ಟಿ ಬಂದರೆ ವಸಾಹತು ಉಳಿಯದೆಂದು ಆಸ್ಟಿನ್ ಮೆಕ್ಸಿಕೋದ ಪ್ರಾಂತ ಸರಕಾರಕ್ಕೆ ಹೇಳಿಕೊಂಡ. 1829ರಲ್ಲಿ ಅವರು ಒಂದು ಆಜ್ಞೆ ಹೊರಡಿಸಿ, ಹೊಸಬರಿಗೆ ಕೊಟ್ಟ ನೆಲವನ್ನು ಹಳೆಯ ಸಾಲಕ್ಕೆ ಹಿಡಿಯಕೂಡದೆಂದರು. ಎರಡು ವರ್ಷಕ್ಕೆ ಆ ಆಜ್ಞೆ ರದ್ದಾಯಿತು. ಆದರೆ ಜನರ ಮನಸ್ಸಿನಲ್ಲಿ ಬೀಜ ಬಿದ್ದಿತ್ತು.

1836ರಲ್ಲಿ ಟೆಕ್ಸಾಸ್ ಮೆಕ್ಸಿಕೋದಿಂದ ಬೇರೆಯಾಗಿ ಸ್ವತಂತ್ರ ಗಣರಾಜ್ಯವಾಯಿತು. ಆ ವರ್ಷದ ಕೊನೆಯಲ್ಲಿಯೇ ಸ್ಟೀಫನ್ ಆಸ್ಟಿನ್ ತೀರಿಕೊಂಡ. ಮರುವರ್ಷ, 1837ರಲ್ಲಿ, ಅಮೆರಿಕದಲ್ಲಿ ಇನ್ನೊಂದು ಮುಗ್ಗಟ್ಟು ಬಂದಿತು. ಬ್ಯಾಂಕುಗಳು ಬಾಗಿಲು ಹಾಕಿದುವು, ಹತ್ತಿಯ ಬೆಲೆ ಬಿದ್ದಿತು. ದಕ್ಷಿಣದ ರಾಜ್ಯಗಳಲ್ಲಿ ಸಾಲ ವಸೂಲಿಗೆ ಹೋದವರಿಗೆ ಖಾಲಿ ಮನೆ ಸಿಗುತ್ತಿತ್ತು. ಬಾಗಿಲ ಮೇಲೆ ಜಿ.ಟಿ.ಟಿ. ಎಂಬ ಮೂರು ಅಕ್ಷರ. ಟೆಕ್ಸಾಸಿಗೆ ಹೋದರು ಎಂದು ಅದರ ಅರ್ಥ. ಹೀಗೆ ಬಂದವರಿಂದ ತುಂಬಿದ ಆ ಗಣರಾಜ್ಯದ ಶಾಸನಸಭೆ 1839ರ ಜನವರಿ 26ರಂದು ಒಂದು ಕಾನೂನು ಮಾಡಿತು.

ಯಾವುದನ್ನು ಸಾಲಕ್ಕೆ ಹಿಡಿಯಕೂಡದು ಎಂದು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಐವತ್ತು ಎಕರೆ ನೆಲ, ಇಲ್ಲವೆ ಪಟ್ಟಣದಲ್ಲೊಂದು ನಿವೇಶನ, ಅದರ ಮೇಲಿನ ಮನೆ. ಕಟ್ಟಡ ಮೊದಲಾದುವು ಐನೂರು ಡಾಲರ್ ಮೀರಬಾರದು. ಇನ್ನೂರು ಡಾಲರ್‌ವರೆಗೆ ಮನೆ ಸಾಮಾನು, ಅಡಿಗೆ ಮನೆಯ ಸಾಮಾನು. ಐವತ್ತು ಡಾಲರ್‌ವರೆಗೆ ಬೇಸಾಯದ ಉಪಕರಣ. ಕಸುಬಿನ ಸಲಕರಣೆ, ಪುಸ್ತಕಗಳು. ಕರೆಯುವ ಹಸು ಐದು. ಒಂದು ಜೊತೆ ಎತ್ತು, ಇಲ್ಲವೆ ಒಂದು ಕುದುರೆ. ಇಪ್ಪತ್ತು ಹಂದಿ. ಒಂದು ವರ್ಷಕ್ಕೆ ಸಾಲುವ ದವಸಧಾನ್ಯ. ಇದನ್ನು ಬರೆದವರು ಕಾನೂನಿನ ಪುಸ್ತಕವನ್ನು ಮುಂದಿಟ್ಟುಕೊಂಡಂತೆ ತೋರುವುದಿಲ್ಲ. ತಮ್ಮ ಮನೆಯಂಗಳವನ್ನು ಒಂದು ಸುತ್ತು ನೋಡಿ ಬಂದು ಬರೆದಂತಿದೆ. ಎಲ್ಲ ಹೋದ ಮೇಲೂ ಒಂದು ಸಂಸಾರ ಮತ್ತೆ ಉತ್ತು ಬಿತ್ತಿ ಎದ್ದು ನಿಲ್ಲಲು ಏನೇನು ಬೇಕೋ ಅದಷ್ಟನ್ನು ಉಳಿಸಿದರು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಇದೇ ಜನರ ಹತ್ತಿ ಹೊಲಗಳಲ್ಲಿ ಗುಲಾಮರು ದುಡಿಯುತ್ತಿದ್ದರು. ಅವರಿಗೆ ಮನೆಯೂ ಇರಲಿಲ್ಲ, ಈ ಕಾನೂನೂ ಇರಲಿಲ್ಲ. ಧಣಿಯ ಸಾಲಕ್ಕೆ ಅವರನ್ನೇ ಮಾರಬಹುದಾಗಿತ್ತು.

1845ರಲ್ಲಿ ಟೆಕ್ಸಾಸ್ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಸೇರುವಾಗ ಈ ರಕ್ಷಣೆಯನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಅಲ್ಲಿ ಸೇರಿಸಿದ ಒಂದು ವಾಕ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ: ಮದುವೆಯಾದ ಗಂಡಸು ತನ್ನ ಹೆಂಡತಿಯ ಒಪ್ಪಿಗೆಯಿಲ್ಲದೆ ವಾಸದ ಮನೆಯನ್ನು ಪರಾಧೀನ ಮಾಡುವಂತಿಲ್ಲ. ಹೆಣ್ಣುಮಕ್ಕಳಿಗೆ ಮತವಿಲ್ಲದ ಕಾಲ ಅದು. ಸಾಲದ ಕಾಗದಕ್ಕೆ ಸಹಿ ಹಾಕುವವನು ಒಬ್ಬ, ಮನೆ ಬಿಟ್ಟು ಏಳಬೇಕಾದವರು ನಾಲ್ವರು ಎಂಬ ಸಂಗತಿ ಕಾನೂನಿಗೆ ಆಗಲೇ ಹೊಳೆದಿತ್ತು.

ಬೇರೆ ರಾಜ್ಯಗಳೂ ಒಂದೊಂದಾಗಿ ಇದೇ ಹಾದಿ ಹಿಡಿದುವು. ಆದರೆ ಅಮೆರಿಕದಲ್ಲಿ ಈ ಬಾಬಿನಲ್ಲಿ ರಾಜ್ಯಕ್ಕೊಂದು ಲೆಕ್ಕ. ಟೆಕ್ಸಾಸ್ ಮೊದಲು ಪಟ್ಟಣದ ಮನೆಗೆ ಹಣದ ಮಿತಿ ಇಟ್ಟಿತ್ತು: 1845ರಲ್ಲಿ 2,000 ಡಾಲರ್, 1876ರಲ್ಲಿ 5,000, 1970ರಲ್ಲಿ 10,000. ಬೆಲೆಗಳು ಏರಿದಂತೆ ಈ ಅಂಕಿ ಹಿಂದೆ ಬೀಳುತ್ತಲೇ ಇದ್ದುದರಿಂದ 1983ರಲ್ಲಿ ಹಣದ ಮಾತನ್ನೇ ಬಿಟ್ಟು ನೆಲದ ಅಳತೆ ಹಿಡಿದರು. ಈಗ ಪಟ್ಟಣದಲ್ಲಿ ಹತ್ತು ಎಕರೆ, ಹಳ್ಳಿಯಲ್ಲಿ ಸಂಸಾರಕ್ಕೆ 200 ಎಕರೆ, ಒಂಟಿಯಾಗಿರುವವರಿಗೆ 100 ಎಕರೆ. ಅದರ ಮೇಲಿನ ಮನೆ ಎಷ್ಟು ಬೆಲೆ ಬಾಳಿದರೂ ಸರಿಯೆ. ಫ್ಲಾರಿಡಾದಲ್ಲಿಯೂ ಬೆಲೆಯ ಮಿತಿಯಿಲ್ಲ. ಪಟ್ಟಣದಲ್ಲಿ ಅರ್ಧ ಎಕರೆ, ಹೊರಗೆ 160 ಎಕರೆ. ಕ್ಯಾಲಿಫೋರ್ನಿಯಾ 2021ರಿಂದ ತನ್ನ ಮಿತಿಯನ್ನು ಆಯಾ ಜಿಲ್ಲೆಯ ಮನೆಗಳ ಮಧ್ಯಮ ಬೆಲೆಗೆ ಗಂಟು ಹಾಕಿದೆ. ಆ ವರ್ಷ ಅದು ಕಡಮೆಯೆಂದರೆ ಮೂರು ಲಕ್ಷ, ಹೆಚ್ಚೆಂದರೆ ಆರು ಲಕ್ಷ ಡಾಲರ್. ಮ್ಯಾಸಚೂಸೆಟ್ಸ್‌ನಲ್ಲಿ ತಾನಾಗಿ ಸಿಗುವ ರಕ್ಷಣೆ 1,25,000 ಡಾಲರ್. ಇದು ನನ್ನ ವಾಸದ ಮನೆಯೆಂದು ನೋಂದಣಿ ಕಚೇರಿಯಲ್ಲಿ ಒಂದು ಹೇಳಿಕೆ ದಾಖಲು ಮಾಡಿಸಿದರೆ, 2024ರ ಆಗಸ್ಟಿನಿಂದ, ಹತ್ತು ಲಕ್ಷ. ಒಂದು ಕಾಗದ ಬರೆದುಕೊಡದ ಸೋಮಾರಿತನಕ್ಕೆ ಇಷ್ಟು ಬೆಲೆ! ಇನ್ನು ನಮ್ಮವರು ಬಹುಮಂದಿ ನೆಲೆಸಿರುವ ನ್ಯೂಜೆರ್ಸಿಯಲ್ಲಿ ಇಂಥ ರಾಜ್ಯ ಕಾನೂನೇ ಇಲ್ಲ. ದಿವಾಳಿ ಅರ್ಜಿ ಹಾಕಿದರೆ ಕೇಂದ್ರ ಸರಕಾರದ ಕಾನೂನಿನ ವಿನಾಯಿತಿಯನ್ನು ಆರಿಸಿಕೊಳ್ಳಬಹುದು. 2025ರ ಏಪ್ರಿಲ್‌ನಿಂದ ಅದು ಒಬ್ಬರಿಗೆ 31,575 ಡಾಲರ್.

ಮಿತಿಯಿರುವ ರಾಜ್ಯದಲ್ಲಿ ಲೆಕ್ಕ ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡಿ. ಮನೆಯ ಬೆಲೆ ನಾಲ್ಕು ಲಕ್ಷ ಡಾಲರ್. ಮನೆ ಕೊಳ್ಳಲು ತೆಗೆದ ಸಾಲದಲ್ಲಿ ಎರಡೂವರೆ ಲಕ್ಷ ಇನ್ನೂ ಬಾಕಿ. ಅಂದರೆ ಮನೆಯಲ್ಲಿ ನಿಜವಾಗಿ ನಿಮ್ಮದಾದ ಪಾಲು ಒಂದೂವರೆ ಲಕ್ಷ. ಕಾನೂನು ರಕ್ಷಿಸುವುದು ಈ ಪಾಲನ್ನೇ ಹೊರತು ಇಟ್ಟಿಗೆ ಗಾರೆಯನ್ನಲ್ಲ. ಆ ರಾಜ್ಯದ ವಿನಾಯಿತಿ ಒಂದು ಲಕ್ಷವೆನ್ನಿ. ಆಗ ಅಂಗಡಿಯ ಸಾಲ ಕೊಟ್ಟವನು ಮನೆಯನ್ನು ಹರಾಜಿಗೆ ತಂದರೆ ಮೊದಲು ಎರಡೂವರೆ ಲಕ್ಷ ಮನೆಯ ಸಾಲಕ್ಕೆ ಹೋಗುತ್ತದೆ, ಆಮೇಲೆ ಒಂದು ಲಕ್ಷ ನಿಮ್ಮ ಕೈಗೆ ಬರುತ್ತದೆ, ಮಿಕ್ಕ ಐವತ್ತು ಸಾವಿರದಲ್ಲಿ ಹರಾಜಿನ ಖರ್ಚು ಕಳೆದು ಉಳಿದದ್ದು ಅವನಿಗೆ. ವಿನಾಯಿತಿ ಎರಡು ಲಕ್ಷವಾಗಿದ್ದರೆ ಅವನಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಆದ್ದರಿಂದ ಅವನು ಹರಾಜಿನ ಯೋಚನೆಗೇ ಹೋಗುವುದಿಲ್ಲ. ಸಾಲ ಮಾತ್ರ ಹಾಗೆಯೇ ಇರುತ್ತದೆ. ವಿನಾಯಿತಿ ಎಂದರೆ ಸಾಲ ಮನ್ನಾ ಅಲ್ಲ.

ಯಾವ ಸಾಲಕ್ಕೆ ಈ ಬೇಲಿ ಅಡ್ಡ ಬರುವುದಿಲ್ಲ ಎಂಬುದನ್ನು ತಿಳಿಯದಿದ್ದರೆ ಅಪಾಯ. ಮನೆಯನ್ನು ಕೊಳ್ಳಲೆಂದೇ ತೆಗೆದ ಸಾಲಕ್ಕೆ ಮನೆ ಬದ್ಧ. ಮನೆಯ ತೆರಿಗೆಗೆ ಬದ್ಧ. ಕಟ್ಟಿದ, ರಿಪೇರಿ ಮಾಡಿದ ಕೆಲಸಗಾರರಿಗೆ ಕಾನೂನಿನಂತೆ ಬರೆದುಕೊಟ್ಟಿದ್ದರೆ ಅವರ ಕೂಲಿಗೂ ಬದ್ಧ. ಕೇಂದ್ರ ಸರಕಾರದ ತೆರಿಗೆ ಬಾಕಿಯ ಮುಂದೆ ಟೆಕ್ಸಾಸಿನ ಸಂವಿಧಾನವೂ ತಡೆಯಾಗದೆಂದು 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆದರೆ ತೆರಿಗೆ ಬಾಕಿಯಿಲ್ಲದ ಹೆಂಡತಿಯ ಪಾಲಿನ ಬೆಲೆಯನ್ನು ಅವಳಿಗೆ ಕೊಡಬೇಕೆಂದೂ ಹೇಳಿತು. ಇದರ ಜೊತೆಗೆ ಮನೆಯವನೇ ತೆಗೆದ ಒಂದು ಗೇಟು ಉಂಟು. ಮನೆಯಲ್ಲಿನ ಸ್ವಂತ ಪಾಲನ್ನು ಒತ್ತೆಯಿಟ್ಟು ಕೈಗಡದ ಹಾಗೆ ಸಾಲ ಎತ್ತುವುದು ಬೇರೆ ರಾಜ್ಯಗಳಲ್ಲಿ ವಾಡಿಕೆ. ಟೆಕ್ಸಾಸ್ ಮಾತ್ರ ನೂರೈವತ್ತು ವರ್ಷ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಹಾಗೆ ಬರೆದುಕೊಟ್ಟರೂ ಆ ಬರಹ ಊರ್ಜಿತವಾಗುತ್ತಿರಲಿಲ್ಲ. 1997ರಲ್ಲಿ ಜನರೇ ಮತ ಕೊಟ್ಟು ಸಂವಿಧಾನವನ್ನು ತಿದ್ದಿ, ಮನೆಯ ಬೆಲೆಯಲ್ಲಿ ಒಟ್ಟು ಸಾಲ ನೂರಕ್ಕೆ ಎಂಬತ್ತನ್ನು ಮೀರದಂತೆ ಅವಕಾಶ ಮಾಡಿಕೊಂಡರು. ತಮ್ಮ ಮನೆಯ ಮೇಲೆ ತಾವು ಸಾಲ ಮಾಡಬಾರದೆಂದರೆ ಅದೆಂಥ ಯಜಮಾನಿಕೆ ಎಂದು ವಾದಿಸಿದವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಹಳೆಯ ಕಟ್ಟುಪಾಡೇ ನನಗೆ ಹೆಚ್ಚು ಹಿಡಿಸುತ್ತದೆ. ಕಷ್ಟ ಬಂದ ಮನುಷ್ಯ ಮೊದಲು ಕೈ ಹಾಕುವುದೇ ಅತ್ತ.

ಬೆಲೆಯ ಮಿತಿಯಿಲ್ಲದ ಕಡೆ ಬಡವನ ಗುಡಿಸಲ ಜೊತೆಗೆ ಧನಿಕನ ಬಂಗಲೆಯೂ ಒಳಗೆ ನುಸುಳುತ್ತದೆ. ಅಮೆರಿಕದ ಬೇಸ್‌ಬಾಲ್ ಆಟದ ಮುಖ್ಯಾಧಿಕಾರಿಯಾಗಿದ್ದ ಬೋವಿ ಕುನ್ ಎಂಬವರು ಪಾಲುದಾರರಾಗಿದ್ದ ವಕೀಲಿ ಸಂಸ್ಥೆ ದಿವಾಳಿಯಾದಾಗ, 1990ರಲ್ಲಿ, ಅವರು ನ್ಯೂಜೆರ್ಸಿಯ ಮನೆ ಮಾರಿ ಫ್ಲಾರಿಡಾದಲ್ಲಿ ಮನೆ ಕೊಂಡರು. ಆ ವಿಷಯ ಆಗ ಬಹಳ ಚರ್ಚೆಗೆ ಬಂದಿತು. ಕಾನೂನು ಮುರಿದರೆಂದು ಹೇಳುವಂತಿಲ್ಲ; ಕಾನೂನು ಇದ್ದ ಕಡೆಗೆ ಹೋದರು, ಅಷ್ಟೆ. ಇಂಥ ವಲಸೆಗೆ ಕಡಿವಾಣ ಹಾಕಲು 2005ರಲ್ಲಿ ಕೇಂದ್ರದ ದಿವಾಳಿ ಕಾನೂನನ್ನು ತಿದ್ದಿದರು. ಅರ್ಜಿಗೆ ಹಿಂದಿನ 1,215 ದಿನಗಳ ಒಳಗೆ, ಎಂದರೆ ಮೂರು ವರ್ಷ ನಾಲ್ಕು ತಿಂಗಳ ಒಳಗೆ, ಬೇರೆ ರಾಜ್ಯದಿಂದ ಬಂದು ಕೊಂಡ ಮನೆಯಾದರೆ ಮಿತಿಯಿಲ್ಲದ ರಕ್ಷಣೆ ಸಿಗದು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ತೂಕದ್ದು. ಗ್ರಾಪ್, ಶೋಲ್ಜ್, ವೈಟ್ ಎಂಬ ಅರ್ಥಶಾಸ್ತ್ರಜ್ಞರು 1997ರಲ್ಲಿ ತೋರಿಸಿಕೊಟ್ಟಂತೆ, ವಿನಾಯಿತಿ ಉದಾರವಾಗಿರುವ ರಾಜ್ಯಗಳಲ್ಲಿ ಕಡಮೆ ಆಸ್ತಿಯವರಿಗೆ ಸಾಲ ಹುಟ್ಟುವುದೇ ಕಷ್ಟವಾಗುತ್ತದೆ. ಹಿಡಿಯಲು ಏನೂ ಸಿಗದೆಂದು ತಿಳಿದವನು ಕೊಡುವ ಮುನ್ನ ಹತ್ತು ಬಾರಿ ಯೋಚಿಸುತ್ತಾನಷ್ಟೆ. ಬೇಲಿಯ ಖರ್ಚನ್ನು ಯಾರೋ ಒಬ್ಬರು ಹೊರಲೇಬೇಕು.

ಇಷ್ಟನ್ನೂ ಕೇಳಿ ಮೇಷ್ಟ್ರು, “ನಮ್ಮಲ್ಲಿ ಇಂಥದ್ದು ಇಲ್ಲವೇ?” ಎಂದರು. ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವನ್ನು ತೆರೆದರೆ ಟೆಕ್ಸಾಸಿನ ಪಟ್ಟಿಯ ಅಣ್ಣತಮ್ಮನನ್ನು ಕಂಡಂತಾಗುತ್ತದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ, ಬೇಸಾಯದ ಮುಟ್ಟು, ದನ, ಬಿತ್ತನೆಯ ಕಾಳು, ಇವನ್ನು ಡಿಕ್ರಿಗಾಗಿ ಜಪ್ತಿ ಮಾಡಕೂಡದು. ಮನೆಯ ಮಾತೂ ಇದೆ. ಆದರೆ ಯಾರ ಮನೆ? ಬೇಸಾಯಗಾರನು ತಾನೇ ವಾಸಿಸುವ ಮನೆ. 1976ರ ತಿದ್ದುಪಡಿಯಿಂದ ಈಚೆಗೆ ಕೂಲಿಗಾರನ ಮನೆ, ಮನೆಗೆಲಸದವರ ಮನೆ. ಆ ರಕ್ಷಣೆ ಬೇಡವೆಂದು ಬರೆದುಕೊಟ್ಟರೂ ಆ ಬರಹ ನಿಲ್ಲದು ಎಂದೂ ಅದೇ ತಿದ್ದುಪಡಿ ಹೇಳಿತು. ಪಂಜಾಬು ತನ್ನ ಪ್ರಾಂತಕ್ಕೆ ಮಾಡಿಕೊಂಡ ತಿದ್ದುಪಡಿಯಲ್ಲಿ, ಬೇಸಾಯಗಾರನಲ್ಲದವನಿಗೂ ಅವನು ವಾಸಿಸುವ ಒಂದು ಮುಖ್ಯ ಮನೆಯನ್ನು, ಅದನ್ನು ಸಾಲಕ್ಕೆ ಬರೆದುಕೊಟ್ಟಿಲ್ಲದಿದ್ದರೆ, ಬಿಟ್ಟುಕೊಟ್ಟಿತು. ಕರ್ನಾಟಕದ ಪಟ್ಟಣದಲ್ಲಿರುವ ಗುಮಾಸ್ತ, ಚಿಲ್ಲರೆ ಅಂಗಡಿಯವನು, ಮೇಷ್ಟ್ರು, ಇವರ ಮನೆಗೆ 60ನೆಯ ಪ್ರಕರಣದಲ್ಲಿ ಹೆಸರಿಲ್ಲ.

ಅಮೆರಿಕದವರು ಮನೆಯನ್ನು ನೋಡಿದರು. ನಾವು ಮನೆಯವನ ಕಸುಬನ್ನು ನೋಡಿದೆವು. ಬೇಸಾಯವೇ ಬಹುಪಾಲು ಜನರ ಜೀವನವಾಗಿದ್ದ 1908ರಲ್ಲಿ ಅದು ಸಹಜವೇ ಆಗಿತ್ತು. ಈಗ ಪಟ್ಟಣಗಳು ಇಷ್ಟು ಬೆಳೆದಿರುವಾಗ, ಒಂದು ಮಿತಿಯೊಳಗಿನ ಒಂದೇ ಮನೆಗಾದರೂ, ಅದರಲ್ಲಿ ವಾಸಿಸುವವರ ಕಸುಬು ಕೇಳದೆ ರಕ್ಷಣೆ ಕೊಡಬೇಕೆಂದು ನನ್ನ ಅಭಿಪ್ರಾಯ. ಮಿತಿಯನ್ನು ಮಾತ್ರ ರೂಪಾಯಿಯಲ್ಲಿ ಬರೆದಿಡಬಾರದು. ಟೆಕ್ಸಾಸಿನ ಐನೂರು ಡಾಲರಿಗೆ ಏನಾಯಿತೆಂದು ಈಗ ನೋಡಿದಿರಷ್ಟೆ.

ವಿಚಿತ್ರವೆಂದರೆ ಮೇಷ್ಟ್ರ ಪಿಂಚಣಿಯನ್ನು ಅದೇ 60ನೆಯ ಪ್ರಕರಣದಂತೆ ಯಾರೂ ಮುಟ್ಟುವಂತಿಲ್ಲ. ಸೇವೆಯಲ್ಲಿದ್ದಾಗ ಅವರ ಪ್ರಾವಿಡೆಂಟ್ ಫಂಡನ್ನೂ ಮುಟ್ಟುವಂತಿರಲಿಲ್ಲ. ಆ ಫಂಡಿನ ದುಡ್ಡು ಕೈಗೆ ಬಂದು ಮನೆಯಾದ ದಿನವೇ ರಕ್ಷಣೆ ಕಳಚಿತು. ಇನ್ನು ಅಡವಿಟ್ಟರಂತೂ ತಮಟೆಯೂ ಬೇಕಿಲ್ಲ. 2002ರ ಕಾನೂನಿನಂತೆ, ಕಂತು ತಪ್ಪಿ ಸಾಲ ಕೆಟ್ಟಿತೆಂದಾದರೆ, ಬ್ಯಾಂಕು ಅರುವತ್ತು ದಿನಗಳ ನೋಟೀಸು ಕೊಟ್ಟು, ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು.

“ಮೇಷ್ಟ್ರೇ, ನಿಮ್ಮ ಮಗನ ಮನೆಗೆ ಅಲ್ಲಿಯ ಸಂವಿಧಾನದ ಕಾವಲಿದೆ. ನಿಮ್ಮ ಮನೆಗೆ ಯಾವ ಕಾವಲೂ ಇಲ್ಲ. ಕಾವಲಿರುವ ಮನೆಯನ್ನು ಉಳಿಸಲು ಕಾವಲಿಲ್ಲದ ಮನೆಯನ್ನು ಒತ್ತೆಯಿಡಲು ಹೊರಟಿದ್ದೀರಿ” ಎಂದೆ. ಹುಡುಗ ಅಲ್ಲಿಯ ಒಬ್ಬ ವಕೀಲರಿಗೆ ಕಾಗದಗಳನ್ನು ತೋರಿಸಬೇಕು. ಆತುರದಲ್ಲಿ ಮನೆಯ ಮೇಲೆ ಹೊಸ ಸಾಲ ಎತ್ತಿ ಅಂಗಡಿಯ ಸಾಲ ತೀರಿಸಬಾರದು, ಹಾಗೆ ಮಾಡಿದರೆ ಹಿಡಿಯಲಾಗದ ಸಾಲವನ್ನು ತಾನಾಗಿ ಹಿಡಿಯಬಹುದಾದ ಸಾಲವಾಗಿ ಮಾರ್ಪಡಿಸಿದಂತೆ. ಮನೆಯ ಕಂತನ್ನೂ ತೆರಿಗೆಯನ್ನೂ ಮಾತ್ರ ಉಪವಾಸವಿದ್ದಾದರೂ ಕಟ್ಟಬೇಕು. ಅಂಗಡಿಯ ಸಾಲದವರೊಡನೆ ಕೂತು ಮಾತನಾಡಿ ತೀರಿಸುವ ದಾರಿ ನೋಡಬೇಕು ಎಂದು ಹೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಈಗ ಅಲ್ಲಿ ಎಷ್ಟು ಹೊತ್ತು?” ಎಂದು ಕೇಳಿದರು. ನಮ್ಮ ಗಡಿಯಾರದಲ್ಲಿ ಹತ್ತು ಗಂಟೆ. ಅಲ್ಲಿ ರಾತ್ರಿ ಹನ್ನೊಂದೂವರೆ ಎಂದೆ. “ಎದ್ದೇ ಇರುತ್ತಾನೆ. ಈಚೆಗೆ ನಿದ್ದೆ ಬರುವುದಿಲ್ಲವಂತೆ” ಎಂದು ಹೇಳಿ, ಫೋನು ಮಾಡಲು ಮನೆಯ ಕಡೆ ಬೇಗಬೇಗನೆ ನಡೆದರು. ಚೀಲವನ್ನು ನಮ್ಮ ಮನೆಯಲ್ಲಿಯೇ ಮರೆತಿದ್ದರು. ಸಂಜೆ ನಾನೇ ಹೋಗಿ ಕೊಟ್ಟುಬಂದೆ.